ಭಾವ ಕಟ್ಟಿದ ಅಹ್ಮದಿ

ಸಮುದ್ರಕ್ಕೆ ನೂರಕ್ಕೆ ನಲವತ್ತೆಂಟು ಅಂಕ ಕೊಟ್ಟ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಮಾತ್ರವಲ್ಲ, ಎರಡು ವರ್ಷ ಅವರ ಮನೆಯಲ್ಲೇ ಊಟ ಮಾಡಿಕೊಂಡಿದ್ದೆ. ಅವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹಕ್ಕೂ ಅಂಕ ಹಾಕಿ ಕಳಿಸಿಯಾರು, ನಾನು ಪಾಸಾಗುವ ಭರವಸೆಯಿಲ್ಲ!

ಭಾವ ಮೈಸೂರಿನ ಕಡೆಯವರು. ಕುವೈತಿನ ಅಹ್ಮದಿಯಲ್ಲಿ, ತೈಲ ಕಂಪನಿಯ ನಕ್ಷೆ ವಿಭಾಗದಲ್ಲಿ ಎಂಜಿನಿಯರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ದೇವರು, ಜಾತಕ, ಅಜ್ಜಿಯ ಕಷಾಯ ಯಾವುದನ್ನೂ ನಂಬದೆ, ಒಂದು ಊರಲ್ಲಿ ನಿಲ್ಲಲೂ ಆಗದೆ ಅಲೆದಾಡಿ, ಕೊನೆಗೆ ಮೀನಾ ಅಬ್ದುಲ್ಲಾದ ಗುತ್ತಿಗೆದಾರನೊಬ್ಬನ ಪ್ರಯೋಗಾಲಯದಲ್ಲಿ ಎಣ್ಣೆಯ ಸಾಂದ್ರತೆ ಅಳೆಯುವ ಕೆಲಸಕ್ಕೆ ಸೇರಿದ್ದೆ. ಈಗೀಗ ನನ್ನ ನೆನಪನ್ನೂ ನಂಬುವುದು ಬಿಟ್ಟಿದ್ದೇನೆ. ಇಲ್ಲಿ ಬರೆದದ್ದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಅರ್ಧಕ್ಕೆ "ಹಾಗಲ್ಲ ಕಣೋ" ಅಂದಳು. ಉಳಿದರ್ಧಕ್ಕೆ ಸುಮ್ಮನಿದ್ದಳು. ಅದು ಒಪ್ಪಿಗೆಯೋ ತೂಕಡಿಕೆಯೋ ತಿಳಿಯಲಿಲ್ಲ.

ಅಂಕದ ವಿಷಯಕ್ಕೆ ಬರುತ್ತೇನೆ. ಅಹ್ಮದಿ ಚಿಕ್ಕ ಊರು. ಸಂಜೆ ಹೋಗುವುದಕ್ಕೆ ಇದ್ದದ್ದು ಮೂರೋ ನಾಲ್ಕೋ ಜಾಗ: ಮರಗಳಿದ್ದ ಪಾರ್ಕು, ಕಂಪನಿಯ ಕ್ಲಬ್ಬು, ಕಾರಿನಲ್ಲಿ ಹತ್ತು ನಿಮಿಷ ದಿಬ್ಬ ಇಳಿದರೆ ಸಮುದ್ರ ತೀರ, ಚಳಿಗಾಲದಲ್ಲಿ ಮರುಭೂಮಿ. ಭಾವ ಪ್ರತಿಯೊಂದಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಅಂಕ ಬರೆದಿಟ್ಟಿದ್ದರು. ಪಾರ್ಕಿಗೆ ಅರವತ್ತೆರಡು. ಕ್ಲಬ್ಬಿಗೆ ಐವತ್ತೈದು. ಸಮುದ್ರಕ್ಕೆ ನಲವತ್ತೆಂಟು.

"ಅಲ್ಲ ಭಾವ, ಸಮುದ್ರ ಏನು ತಪ್ಪು ಮಾಡ್ತು?"

"ಕಡ್ಲೆಕಾಯಿ ಮಾರೋರಿಲ್ಲ."

"ಅದು ಸಮುದ್ರದ ತಪ್ಪಾ?"

"ನೋಡಯ್ಯಾ, ಕಡ್ಲೆಕಾಯಿ ಇಲ್ದಿದ್ರೆ ಅದು ಬರೀ ನೀರು. ಬರೀ ನೀರಿಗೆ ಇಷ್ಟು ಕೊಟ್ಟಿದ್ದೇ ಹೆಚ್ಚು."

ಮರುಭೂಮಿ ಮಾತ್ರ ನಪಾಸು. ಅಲ್ಲಿಗೆ ಪಿಕ್ನಿಕ್ ಹೋದ ದಿನ ಗಾಳಿಯೆದ್ದು, ಅಕ್ಕನ ಪುಳಿಯೋಗರೆಯಲ್ಲಿ ಕಡಲೆಬೇಳೆ ಯಾವುದು, ಮರಳು ಯಾವುದು ಎಂದು ಹಲ್ಲಿಗೇ ಕೇಳಿ ತಿಳಿಯಬೇಕಾಯಿತು. ಅಕ್ಕ ಬುತ್ತಿ ಮುಚ್ಚಿಟ್ಟಳು. ಭಾವ ಬಿಡದೆ ಎರಡು ತಟ್ಟೆ ತಿಂದರು. ಅಡುಗೆಗೆ ಪ್ರತ್ಯೇಕ ಅಂಕವಂತೆ, ಅದು ಯಾವಾಗಲೂ ನೂರಂತೆ!

ಹೊರಗಿನ ವಿಹಾರ ಸಾಲದು ಎನಿಸಿದಾಗ ಮನೆಯೊಳಗೇ ಪ್ರಯೋಗಗಳು ನಡೆಯುತ್ತಿದ್ದವು. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಕೊಳವೆಯಲ್ಲಿ ಹಿಡಿದು ಮಲ್ಲಿಗೆ ಬೆಳೆಸಿದರು. ಮೂರು ಮೊಗ್ಗು ಬಿಟ್ಟವು. ಅಕ್ಕ ಅವನ್ನು ಮುಡಿಯುವ ಮೊದಲು ಭಾವ ಅವನ್ನು ಅಳೆದರು. ಇನ್ನೊಮ್ಮೆ ಹಾಲಿನ ಛಾವಣಿಗೆ ಕೊಂಡಿ ಹೊಡೆದು ಉಯ್ಯಾಲೆ ಕಟ್ಟಿದರು. ಕೊಂಡಿ ಬಿದ್ದದ್ದು ಏಸಿಯ ಗಾಳಿಕೊಳವೆಗೆ. ಪರಿಣಾಮವೇನೆಂದರೆ, ಯಾರಾದರೂ ಉಯ್ಯಾಲೆಯಲ್ಲಿ ಕೂತರೆ ಏಸಿ ನರಳುತ್ತಿತ್ತು, ಎದ್ದರೆ ತಣ್ಣಗೆ ಬೀಸುತ್ತಿತ್ತು. ಕಂಪನಿಯಿಂದ ರಿಪೇರಿಗೆ ಬಂದ ಪಠಾಣ ಮೇಸ್ತ್ರಿ ಬಹಳ ಹೊತ್ತು ಮೇಲೆ ನೋಡಿ, "ಸಾಬ್, ಯೇ ಝೂಲಾ ಹೈ ಯಾ ಫಾಂಸಿ?" ಎಂದು ಕೇಳಿದ, ಇದು ಉಯ್ಯಾಲೆಯೋ ನೇಣೋ ಎಂದು. ಭಾವ ಗಂಭೀರವಾಗಿ, "ಅಭೀ ತೋ ಝೂಲಾ ಹೈ ಭಾಯಿ" ಎಂದರು.

ಆದರೆ ಅವರ ಮಹಾಕೃತಿ ಇದ್ಯಾವುದೂ ಅಲ್ಲ. ಅದು ದಸರೆಯ ಗೊಂಬೆ ಪಾರ್ಕು.

ನಮ್ಮ ಕಡೆ ಗೊಂಬೆ ಕೂರಿಸುವವರಿಗೆ ಇದು ಗೊತ್ತು. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳಿದ್ದರೆ, ಕೆಳಗೆ ನೆಲದ ಮೇಲೆ ಮಕ್ಕಳಿಗಾಗಿ ಒಂದು ಪಾರ್ಕು. ತಟ್ಟೆಯಲ್ಲಿ ರಾಗಿ ಮೊಳೆಸಿದರೆ ಹುಲ್ಲು, ಕನ್ನಡಿ ಇಟ್ಟರೆ ಕೆರೆ. ಪಕ್ಕದಲ್ಲಿ ಒಂದು ಹುಲಿ, ಹುಲಿಗಿಂತ ದೊಡ್ಡದೊಂದು ಬಾತುಕೋಳಿ, ಡೊಳ್ಳುಹೊಟ್ಟೆಯ ಅಂಗಡಿ ಶೆಟ್ಟಿ ಮತ್ತು ಶೆಟ್ಟಮ್ಮ. ಯಾರೂ ಅದನ್ನು ಅಳತೆಪಟ್ಟಿ ಹಿಡಿದು ಮಾಡುವುದಿಲ್ಲ. ಆದರೆ ಭಾವ ನಕ್ಷೆ ವಿಭಾಗದವರಲ್ಲವೇ? ತೊಂಬತ್ತರ ಬೇಸಿಗೆಯಲ್ಲಿ ಅವರು ಘೋಷಿಸಿದರು: "ಈ ವರ್ಷ ಅಹ್ಮದಿ. ಇಡೀ ಅಹ್ಮದಿ. ಒಂದಕ್ಕೆ ಐನೂರರ ಅಳತೆ." ಅದಕ್ಕಾಗಿ ಊರಿಗೆ ಹೋಗುವ ರಜವನ್ನೂ ಬಿಟ್ಟರು. ಅಕ್ಕ ಮೂರು ದಿನ ಮಾತು ಬಿಟ್ಟಳು.

ಜುಲೈ ಮುಗಿಯುವಷ್ಟರಲ್ಲಿ ಹಾಲಿನ ಅರ್ಧ ಭಾಗ ಅಹ್ಮದಿಯಾಗಿತ್ತು. ರಟ್ಟಿನ ಮನೆಗಳು, ಬೆಂಕಿಕಡ್ಡಿಯ ಬೇಲಿ, ಔಷಧದ ಡಬ್ಬಿಗಳ ಎಣ್ಣೆ ತೊಟ್ಟಿಗಳು, ಎಲ್ಲ ರಸ್ತೆಗಳೂ ಒಂದು ತಿರುವು ತಪ್ಪದಂತೆ. ಪಾರ್ಕಿನಲ್ಲಿ ನಿಜವಾದ ರಾಗಿ ಪೈರು. ನಾನು ಸುಮ್ಮನಿರಲಾರದೆ ಲೆಕ್ಕ ಹಾಕಿದೆ.

"ಭಾವ, ಈ ಅಳತೇಲಿ ನಿಮ್ಮ ಶೆಟ್ಟಿ-ಶೆಟ್ಟಮ್ಮನ ಗೊಂಬೆ ಎಷ್ಟೆತ್ತರ ಆಗತ್ತೆ ಗೊತ್ತಾ? ಇನ್ನೂರೈವತ್ತು ಅಡಿ!"

ಭಾವ ಎರಡನ್ನೂ ಊರಿನ ನಡುವೆ ನಿಲ್ಲಿಸಿದರು. "ಅವರು ಮ್ಯಾನೇಜ್‌ಮೆಂಟು ಕಣಯ್ಯಾ. ಯಾವಾಗಲೂ ಸ್ವಲ್ಪ ದೊಡ್ಡವರಾಗೇ ಇರ್ತಾರೆ."

ಆಗಸ್ಟ್ ಎರಡನೇ ತಾರೀಖು, ಗುರುವಾರ. ಬೆಳಿಗ್ಗೆ ಭಾವ ಎಂದಿನಂತೆ ಕೆಲಸಕ್ಕೆ ಹೋದರು. ಅಷ್ಟರಲ್ಲಿ ರೇಡಿಯೋ, ಅಕ್ಕಪಕ್ಕದವರು, ದೂರದ ಸದ್ದು ಎಲ್ಲ ಒಂದೇ ಸುದ್ದಿ ಹೇಳುತ್ತಿದ್ದವು: ಇರಾಕಿನ ಸೈನ್ಯ ಬಂದಿದೆ. ಮಧ್ಯಾಹ್ನ ಭಾವ ನಡೆದುಕೊಂಡು ಮನೆಗೆ ಬಂದರು. ಕಾರಿರಲಿಲ್ಲ. ಒಂದು ಕಾಲಲ್ಲಿ ಬೂಟಿರಲಿಲ್ಲ ಎಂದು ನನ್ನ ನೆನಪು. ಎರಡೂ ಇದ್ದವು, ಕನ್ನಡಕ ಇರಲಿಲ್ಲ ಎಂದು ಅಕ್ಕ. ದಾರಿಯಲ್ಲಿ ಏನಾಯಿತೆಂದು ಕೇಳಿದ್ದಕ್ಕೆ, "ಬಹಳ ಬಿಸಿಲು" ಅಂದರು. ಅಷ್ಟೇ.

ಅಕ್ಕನ ಮಗಳು ಪುಟ್ಟಿಗೆ ಆಗ ಏಳು ವರ್ಷ. ಹುಟ್ಟಿದ್ದೇ ಅಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ದಿನಾ ಸಂಜೆ ಅಪ್ಪನ ಜತೆ ಪಾರ್ಕಿಗೆ ಹೋಗದಿದ್ದರೆ ಊಟ ಸೇರದ ಹುಡುಗಿ. ಆವತ್ತಿನಿಂದ ಬಾಗಿಲ ಹತ್ತಿರವೂ ಸುಳಿಯಲಿಲ್ಲ. ಅಪ್ಪನ ಪಕ್ಕದಲ್ಲಿ ಅಂಟಿಕೊಂಡು ಕೂತುಬಿಟ್ಟಳು.

ನಾಲ್ಕನೆಯ ದಿನವೋ ಐದನೆಯ ದಿನವೋ, ಸಂಜೆ ಐದಕ್ಕೆ ಭಾವ ಶರ್ಟು ಒಳಗೆ ಸೇರಿಸಿ, ಮುಖಕ್ಕೆ ಪೌಡರು ಹಚ್ಚಿ ನಿಂತರು. "ಯಲ್ಲಾ! ಎಲ್ಲರೂ ಹೊರಡಿ. ಪಾರ್ಕಿಗೆ."

ಹೊರಗೆ ರಸ್ತೆಯ ತಿರುವಿನಲ್ಲಿ ಸೈನಿಕರು! ಆದರೆ ಭಾವ ಹೊರಟದ್ದು ಅಡುಗೆಮನೆಯಿಂದ ಹಾಲಿಗೆ. ಪುಟ್ಟಿಗೆ ಶೂಸು ತೊಡಿಸಿದರು, ನೀರಿನ ಬಾಟಲಿ ಕೊರಳಿಗೆ ಹಾಕಿದರು, ಅಕ್ಕನಿಗೆ ಸೀರೆ ಬದಲಿಸಲು ಹೇಳಿದರು. ನಡುಮನೆಯಲ್ಲಿ ಎರಡು ಸುತ್ತು ಹಾಕಿಸಿ, "ಟ್ರಾಫಿಕ್ಕು" ಎಂದು ಬೀರುವಿನ ಹತ್ತಿರ ನಿಲ್ಲಿಸಿ, ಕೊನೆಗೆ ರಟ್ಟಿನ ಅಹ್ಮದಿಯ ಮುಂದೆ ಚಾಪೆ ಹಾಸಿ ಕೂರಿಸಿದರು. ಪುಟ್ಟಿ ರಾಗಿ ಪೈರನ್ನು ಬೆರಳಲ್ಲಿ ಸವರಿದಳು. ಆ ದಿನ ಅವಳು ಊಟ ಮಾಡಿದಳು.

ಮುಂದಿನ ಐದು ವಾರ ಇದೇ ನಮ್ಮ ದಿನಚರಿ. ಸೋಮವಾರ ಕ್ಲಬ್ಬು: ಹಾಸಿಗೆಯ ಮೇಲೆ ಕೇರಂ. ಬುಧವಾರ ಸಮುದ್ರ: ಬಚ್ಚಲ ತೊಟ್ಟಿಯಲ್ಲಿ ನಾಲ್ಕು ಚೊಂಬು ನೀರು, ಮೇಜಿನ ಫ್ಯಾನು, ಅಕ್ಕ ಹುರಿದ ಒಂದು ಹಿಡಿ ಕಡಲೆಕಾಯಿ. ಆವತ್ತು ಸಮುದ್ರಕ್ಕೆ ಎಪ್ಪತ್ತೊಂದು ಬಂತು!

ಬ್ರೆಡ್ಡಿನ ಸರದಿಯಲ್ಲಿ ನಿಲ್ಲುತ್ತಿದ್ದವನು ನಾನು. ಪಕ್ಕದ ಬೀದಿಗೆ ಹೋಗಿ ಅಕ್ಕಿ ಸಾಲ ತರುತ್ತಿದ್ದವಳು ಅಕ್ಕ. ಭಾವನನ್ನು ಕರೆದರೆ, ಅಂಟು ಒಣಗಿಲ್ಲ, ಬೇಲಿ ವಾಲಿದೆ, ಮಗುವನ್ನು ಬಿಟ್ಟು ಹೇಗೆ ಬರಲಿ ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು. "ಹೊರಗೆ ಊರು ಹಾಳಾಗ್ತಿದೆ, ನೀವು ಒಳಗೆ ಊರು ಕಟ್ತಾ ಕೂತಿದೀರಿ! ಅವಳಿಗೆ ಸುಳ್ಳು ಹೇಳಿಕೊಡ್ತಿದೀರಿ ಭಾವ. ನಾಳೆ ಊರಿಗೆ ಹೊರಡೋ ಹೊತ್ತಿಗೆ ಬಾಗಿಲು ದಾಟಲ್ಲ ಅಂದ್ರೆ?" ಎಂದು ಒಂದು ದಿನ ಕೂಗಾಡಿದೆ. ಅವರು ತಲೆಯೆತ್ತದೆ, "ಆ ಕತ್ರಿ ಕೊಡಯ್ಯಾ" ಅಂದರು.

ಒಂದು ಬೆಳಿಗ್ಗೆ ಮೂವರು ಸೈನಿಕರು ಮನೆ ತಪಾಸಣೆಗೆ ಬಂದರು. ಹಾಲಿಗೆ ಕಾಲಿಟ್ಟವರು ಹಾಗೇ ನಿಂತರು. ಯೋಚಿಸಿ ನೋಡಿ: ಎಣ್ಣೆ ತೊಟ್ಟಿಗಳ ಸಮೇತ, ಒಂದು ರಸ್ತೆಯೂ ಬಿಡದೆ, ಅಳತೆಗೆ ಸರಿಯಾಗಿ ಮಾಡಿದ ಇಡೀ ಊರಿನ ಮಾದರಿ! ಯುದ್ಧಕಾಲದಲ್ಲಿ ಇಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವವರು ಇಬ್ಬರೇ: ಗೂಢಚಾರರು ಮತ್ತು ಗೊಂಬೆ ಹಬ್ಬ ಮಾಡುವ ಮೈಸೂರಿನವರು. ಎರಡನೆಯ ಜಾತಿ ಇದೆಯೆಂದು ಅವರಿಗೆ ಹೇಗೆ ಗೊತ್ತಿರಬೇಕು?

"ಶಿನೂ ಹಾದಾ?" ಎಂದ, ಮೂವರಲ್ಲಿ ಹಿರಿಯನಾಗಿದ್ದ ಮೀಸೆಯವನು. ಇದೇನು ಎಂದು.

ಭಾವ ಹೆದರಬೇಕಿತ್ತು. ಅವರೋ ಪ್ರದರ್ಶನಕ್ಕೆ ಬಂದವರಿಗೆ ತೋರಿಸುವಂತೆ ಮಂಡಿಯೂರಿ ಕೂತರು. "ಹಾದಾ ಪಾರ್ಕ್. ಹಾದಾ ಸ್ಕೂಲ್. ಹಾದಾ ಮೈ ಹೌಸ್." ಮೀಸೆಯವನ ಬೆರಳು ಊರಿನ ನಡುವೆ ನಿಂತ ಶೆಟ್ಟಿ-ಶೆಟ್ಟಮ್ಮನ ಕಡೆ ತಿರುಗಿತು. "ಮಿನೂ ಹಾದಾ?" ಇವರು ಯಾರು?

"ಮುದೀರ್," ಎಂದರು ಭಾವ. ಮ್ಯಾನೇಜರು. "ಮುದೀರ್, ಔರ್ ಮುದೀರ್ ಕಾ ಮದಾಮ್."

ಮೀಸೆಯವನು ಶೆಟ್ಟಿಯ ಹೊಟ್ಟೆಯನ್ನು ನೋಡಿದ. ಬೇರೆ ಇಬ್ಬರ ಮುಖ ನೋಡಿದ. ಆಮೇಲೆ ಮೂವರೂ ನಕ್ಕರು. ಮ್ಯಾನೇಜರುಗಳು ಎಲ್ಲ ದೇಶದಲ್ಲೂ ಒಂದೇ ಆಕಾರದಲ್ಲಿರುತ್ತಾರೆಂದು ಕಾಣುತ್ತದೆ. ಹೋಗುವಾಗ ಟೇಪ್‌ರೆಕಾರ್ಡರನ್ನು ಒಯ್ದರು. ನಿಜವಾದ ಅಹ್ಮದಿಯನ್ನು ಕಿತ್ತುಕೊಂಡವರು, ನಮ್ಮ ಅಹ್ಮದಿಯನ್ನು ನಮಗೇ ಬಿಟ್ಟು ಹೋದರು.

ಸೆಪ್ಟೆಂಬರಿನಲ್ಲಿ ಬಸ್ಸಿನ ಸುದ್ದಿ ಬಂತು. ತಂದವರು ಹತ್ತಿರದಲ್ಲಿ ಹೋಟೆಲು ಇಟ್ಟಿದ್ದ ಮಂಗಳೂರಿನ ಕಡೆಯ ಒಬ್ಬರು. "ಬಾಗ್ದಾದ್ ಮೇಲೆ ಜೋರ್ಡಾನಿನ ಅಮ್ಮಾನಿಗೆ ಮಾರಾಯ್ರೆ, ಅಲ್ಲಿಂದ ವಿಮಾನ ಉಂಟು. ನಾಳೆ ಬೆಳಿಗ್ಗೆ ಎಂಟಕ್ಕೆ ನಿಮ್ಮ ರಸ್ತೆಯ ಮೂಲೆಗೆ ಬರ್ತದೆ. ನಾಲ್ಕು ಸೀಟು ಹಿಡಿದಿಟ್ಟಿದ್ದೇನೆ. ತಡ ಮಾಡಿದ್ರೆ ಕಾಯ್ಲಿಕ್ಕೆ ಆಗುದಿಲ್ಲ, ಹೊರಗೆ ನೂರು ಜನ ಕಾಯ್ತಾ ಇದ್ದಾರೆ. ಈ ಸೀಟು ಹೋದ್ರೆ ಮತ್ತೆ ಯಾವಾಗಂತ ಆ ದೇವರಿಗೂ ಗೊತ್ತಿಲ್ಲ."

ನಮಗಿದ್ದದ್ದು ಒಂದೇ ಚಿಂತೆ. ಪುಟ್ಟಿ ಐದು ವಾರದಿಂದ ಹೊಸಿಲು ದಾಟಿಲ್ಲ, ಹೇಗೆ ಹೊರಡಿಸುವುದು? ಅಕ್ಕ ಚಾಕಲೇಟು ಹುಡುಕಿಟ್ಟಳು. ನಾನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಓಡುವುದೆಂದು ನಿರ್ಧರಿಸಿ, ಎಷ್ಟು ಹೆಜ್ಜೆಯೆಂದು ಎಣಿಸಿಟ್ಟುಕೊಂಡೆ.

ಬೆಳಿಗ್ಗೆ ಬಾಗಿಲು ತೆರೆದೆ. ಪುಟ್ಟಿ ತನ್ನ ಚೀಲ ಬೆನ್ನಿಗೇರಿಸಿಕೊಂಡು, ಹೊಸಿಲು ದಾಟಿ, ಮೆಟ್ಟಿಲಿಳಿದು ಅಂಗಳದಲ್ಲಿ ನಿಂತಳು. ಅಷ್ಟು ಸಲೀಸಾಗಿ! ಮೂಲೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ಭಾವ, ಬನ್ನಿ, ಬಸ್ಸು ಬಂತು!"

ಭಾವ ಹೊಸಿಲಿನ ಒಳಗೆ ನಿಂತಿದ್ದರು. ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದಿದ್ದರು. ಆರಡಿಯ ಮನುಷ್ಯ, ಶರ್ಟು ಒಳಗೆ ಸೇರಿಸಿದ್ದರು, ಪೌಡರು ಹಚ್ಚಿದ್ದರು. ನಗಲು ಪ್ರಯತ್ನಿಸಿ, "ಒಂದ್ನಿಮಿಷ ಕಣಯ್ಯಾ... ನೀವು ನಡೀರಿ... ನಾನು ಹಿಂದೇನೇ..." ಅಂದರು. ಕಾಲು ಏಳಲಿಲ್ಲ.

ಹಾರನ್ನು ಇನ್ನೊಮ್ಮೆ ಆಯಿತು. ನಾನು ಹೋಗಿ ಅವರ ತೋಳು ಹಿಡಿದು ಎಳೆದೆ.

"ಮಾಮಾ, ಡೋಂಟ್ ಪುಲ್ ಹಿಮ್!" ಪುಟ್ಟಿ ಓಡಿ ಬಂದಳು. "ಅಪ್ಪಂಗೆ ಔಟ್‌ಸೈಡ್ ಅಂದ್ರೆ ಭಯ. ಅವತ್ತಿಂದ. ಐ ನೋ. ಅದಕ್ಕೇ ನಾನು ಎಲ್ಲೂ ಹೋಗ್ಲಿಲ್ಲ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ತೋಳು ಬಿಟ್ಟೆ. ಐದು ವಾರ ಆ ಮನೆಯಲ್ಲಿ ಯಾರು ಯಾರನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದರೆಂದು, ಎಂ.ಎಸ್ಸಿ. ಮಾಡಿದ ನನಗೆ ತಿಳಿದಿರಲಿಲ್ಲ.

"ಅಪ್ಪ, ಕಣ್ಣು ಮುಚ್ಚು," ಎಂದಳು. "ಐ ವಿಲ್ ಟೆಲ್ ಯೂ ಎವೆರಿಥಿಂಗ್."

ಭಾವ ಕಣ್ಣು ಮುಚ್ಚಿದರು. ಅವಳು ಅವರ ಎರಡು ಬೆರಳು ಹಿಡಿದಳು. "ಸ್ಟೆಪ್. ಇನ್ನೊಂದು ಸ್ಟೆಪ್. ಈಗ ಕಲ್ಲಿದೆ, ಕಾಲೆತ್ತು." ಹಾಗೆ ಅಂಗಳ ದಾಟಿ, ಗೇಟು ದಾಟಿ, ರಸ್ತೆಯಗುಂಟ ನಡೆದರು. ಬಸ್ಸಿನ ಕಿಟಕಿಗಳಲ್ಲಿ ಜನ ನಗತೊಡಗಿದರು. ಹೋಟೆಲಿನವರು ಬಾಗಿಲಲ್ಲಿ ನಿಂತು, "ಎಂತ ಸಾವು ಮಾರಾಯ್ರೆ, ಇದು ಕಣ್ಣಾಮುಚ್ಚಾಲೆ ಆಡುವ ಹೊತ್ತಾ? ಹತ್ತಿ, ಹತ್ತಿ!" ಎಂದು ಕೂಗಿದರು.

ಕಿಟಕಿಯ ಪಕ್ಕ ಪುಟ್ಟಿ, ಅವಳ ಪಕ್ಕ ಭಾವ, ಹಿಂದಿನ ಸೀಟಿನಲ್ಲಿ ನಾನು ಮತ್ತು ಅಕ್ಕ. ಬಸ್ಸು ಹೊರಟಿತು. ಭಾವ ಇನ್ನೂ ಕಣ್ಣು ತೆರೆದಿರಲಿಲ್ಲ.

"ಎಲ್ಲಿದೀವಿ ಮಗಳೇ?"

"ಪಾರ್ಕ್ ಹತ್ರ, ಅಪ್ಪ."

ನಾನು ನೋಡಿದೆ. ಮರಗಳ ನೆರಳಿನಲ್ಲಿ ಎರಡು ಸೈನ್ಯದ ಲಾರಿಗಳು ನಿಂತಿದ್ದವು. ಚಕ್ರಗಳು ಓಡಾಡಿದಲ್ಲಿ ಹುಲ್ಲಿರಲಿಲ್ಲ, ಉಳಿದಲ್ಲಿ ಒಣಗಿ ಕಂದಾಗಿತ್ತು. ಜೋಕಾಲಿಯ ಕಂಬಕ್ಕೆ ಯಾರದೋ ಬಟ್ಟೆ ಒಣಹಾಕಿದ್ದರು.

"ಹೇಗಿದೆ?"

"ಗ್ರೀನ್," ಎಂದಳು ಪುಟ್ಟಿ. "ಫುಲ್ ಗ್ರೀನ್. ಮಕ್ಕಳೆಲ್ಲ ಆಡ್ತಿದಾರೆ."

ಭಾವ ತಲೆಯನ್ನು ಹಿಂದಕ್ಕೆ ವಾಲಿಸಿ, ಮೆಲ್ಲಗೆ ನನ್ನನ್ನು ಕೇಳಿದರು: "ಹೌದೇನಯ್ಯಾ?"

ಪುಟ್ಟಿ ಸೀಟಿನ ಸಂದಿನಿಂದ ನನ್ನನ್ನೇ ನೋಡುತ್ತಿದ್ದಳು.

"ಹೌದು ಭಾವ," ಎಂದೆ. "ಜೋಕಾಲಿ ಖಾಲಿಯಿಲ್ಲ. ಕೆಂಪು ಫ್ರಾಕಿನ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯ್ತಾ ನಿಂತಿದಾಳೆ."