ಹೊಗೆ ಕುಡಿಯುವ ಪೀಕು

ಯಾರ ಮಾತನ್ನೇ ಆಗಲಿ, ಪ್ರೇಮವ್ವ ಒಂದೇ ಸಲಕ್ಕೆ ನಂಬಿದ ದಾಖಲೆ ಕರ್ಜಗಿಯಲ್ಲಿ ಇಲ್ಲ. ಕಂಡಕ್ಟರ್ "ಹಾವೇರಿ, ಹಾವೇರಿ" ಎಂದು ಕೂಗಿದರೆ ಅವಳು ಬೋರ್ಡು ನೋಡುತ್ತಾಳೆ. ಬೋರ್ಡು ನೋಡಿ ಡ್ರೈವರನನ್ನು ಕೇಳುತ್ತಾಳೆ. ಅವನು ಹೌದೆಂದರೆ ಒಳಗೆ ಕೂತವರನ್ನು ಕೇಳುತ್ತಾಳೆ. ಇಂಥವಳ ಜೊತೆ ಇಪ್ಪತ್ತೆರಡು ವರ್ಷ ಬಾಳುವೆ ಮಾಡಿದ ಗಂಡ ಅಂದಾನೆಪ್ಪನಿಗೆ ಹೊಟ್ಟೆಯೊಳಗೆ ಇದ್ದ ಸಂಕಟ ಒಂದೇ. ಅವನ ತಲೆಯಲ್ಲಿ ಹುಟ್ಟಿದ ಒಂದೇ ಒಂದು ವಿಚಾರವೂ ಆ ಮನೆಯಲ್ಲಿ ಈವರೆಗೆ ಪಾಸಾಗಿರಲಿಲ್ಲ! ಸಾಯುವುದರೊಳಗೆ ಒಮ್ಮೆಯಾದರೂ "ಹೌದ್ರಿ, ನೀವು ಹೇಳಿದ್ದು ಖರೇ" ಅನ್ನುವ ಮಾತನ್ನು ಅವಳ ಬಾಯಿಂದ ಕೇಳಬೇಕು ಎಂಬುದೇ ಅವನ ಜನ್ಮದ ಆಸೆಯಾಗಿತ್ತು.

ಹೀಗಿರುವಾಗ ಎರಡು ಸಾವಿರದ ಏಳನೇ ಇಸವಿಯಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಹೋದ ಅಂದಾನೆಪ್ಪ ಜ್ಞಾನೋದಯವಾಗಿ ಮರಳಿದ. ಕೈಯಲ್ಲೊಂದು ಗಾಜಿನ ಬಾಟಲಿ, ಅದರ ತುಂಬ ಉಪ್ಪುನೀರು, ನೀರಿನಲ್ಲಿ ಕಂದು ಬಣ್ಣದ ಒಂದು ಲೊಳಲೊಳ ಟೊಂಗೆ.

"ಸಮುದ್ರದ ಪಾಚಿ ಇದು. ಬೆಳೀತಾರ ಇದನ್ನ!" ಎಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಹೊಲಾ ಬ್ಯಾಡ, ಹರಗೂದು ಬ್ಯಾಡ, ನೀರು ಹಾಸೂದು ಬ್ಯಾಡ. ಹಗ್ಗಕ್ಕ ಕಟ್ಟಿ ಸಮುದ್ರದಾಗ ಬಿಟ್ರ ನಲವತ್ತೈದು ದಿನಕ್ಕ ಪೀಕು. ಐಸ್‌ಕ್ರೀಮಿಗೂ ಇದ ಬೇಕಂತ, ಟೂತ್‌ಪೇಸ್ಟಿಗೂ ಇದ ಬೇಕಂತ. ಮ್ಯಾಲ ಈ ಗಾಡಿ, ಫ್ಯಾಕ್ಟರಿ ಹೊಗಿಯಿಂದ ಜಗತ್ತು ಕಾಯಾಕತ್ತೈತಲ್ಲ, ಆ ಹೊಗಿನೂ ಕುಡೀತೈತಿ!"

ಪ್ರೇಮವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಗಂಡನ ಅಂಗಿಯನ್ನೂ ಮೂಸಿದಳು.

"ಮೀನಿನ ವಾಸನಿ ಬಡಿಯಾಕತ್ತೈತಿ. ಖರೇ ಹೇಳ್ರಿ, ಮ್ಯಾಳದಾಗ ಏನು ತಿಂದ್ರಿ?"

"ಬಸವಣ್ಣನ ಆಣಿ, ಗಿರಮಿಟ್ಟು ತಿಂದೇನಿ!"

"ಆತು. ಕೆಲಸಾ ಮಾಡದ ಪೀಕು ಬರತೈತಿ ಅಂದ್ರ ಅದರಾಗ ಏನೋ ಐತಿ. ಹೊಗಿ ಕುಡೀತೈತಿ ಅಂದ್ರಲ್ಲ, ನೋಡೇಬಿಡೂಣು."

ಅವಳು ಬಾಟಲಿಯ ಬಾಯಿ ತೆರೆದು ಒಲೆಯ ಪಕ್ಕ ಇಟ್ಟಳು. ಎರಡು ದಿನ ಅದರೆದುರು ರೊಟ್ಟಿ ಬಡಿದಳು. ಮೂರನೆಯ ದಿನ ಪ್ರಯೋಗಶಾಲೆಯ ವರದಿ ಬಂತು.

"ಒಂದು ಗುಟುಕೂ ಕುಡೀಲಿಲ್ಲ. ಒಲಿ ಹೊಗಿಗೆ ನನ್ನ ಕಣ್ಣಾಗ ನೀರು ಮೊದಲಿನಂಗ ಬರಾಕತ್ತೈತಿ."

"ಏ, ಹಂಗಲ್ಲ, ಅದು ಸಮುದ್ರದಾಗ ಇದ್ದಾಗ..."

"ಇಲ್ಲಾಂದ್ರ ನಿಮ್ಮ ಬೀಡಿ ಹೊಗಿ ಕುಡಿದು ಹೊಟ್ಟಿ ತುಂಬಿರಬೇಕು, ಪಾಪ." (ಬೀಡಿ ಬಿಟ್ಟು ಆರು ತಿಂಗಳಾಯಿತು ಎಂಬುದು ಅಂದಾನೆಪ್ಪನ ಅಧಿಕೃತ ಹೇಳಿಕೆ.)

ಅವನ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ? ಅವರ ಹೊಲದಲ್ಲಿ ರಾಣೆಬೆನ್ನೂರಿನ ಒಂದು ಕಂಪನಿಗಾಗಿ ಹತ್ತಿಯ ಬೀಜದ ಪ್ಲಾಟು ಇತ್ತು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತೆಸೆಯಬೇಕು. ಬೆಳಿಗ್ಗೆ ಬೇರೆ ಗಿಡದ ಗಂಡು ಹೂ ತಂದು ಸವರಬೇಕು, ಗುರುತಿಗೆ ಒಂದು ಎಳೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಈ ಕೆಲಸದಲ್ಲಿ ಪ್ರೇಮವ್ವನ ಬೆರಳುಗಳಿಗೆ ಸುತ್ತಲಿನ ಊರುಗಳಲ್ಲಿ ಸಾಟಿಯಿರಲಿಲ್ಲ, ಅಂದಾನೆಪ್ಪ ಅವಳ ಕೈಕೆಳಗಿನ ಆಳು. (ಮೊಗ್ಗಿನ ಗಂಡುತನ ಕೀಳುವ ಅವಳ ಚುರುಕು ನೋಡಿದಾಗಲೆಲ್ಲ ಅವನಿಗೆ ಯಾಕೋ ಒಂಥರಾ ಆಗುತ್ತಿತ್ತು.) ಇದನ್ನೆಲ್ಲ ಬಿಟ್ಟು ದಂಡೆಯಲ್ಲಿ ಕಾಲು ಚಾಚಿ ಕೂತು ಪೀಕು ಬೆಳೆಯುವ ಕನಸು ಅವನದು.

ಅವನು ಎಂಟು ದಿನ ತಲೆ ತಿಂದಮೇಲೆ ಪ್ರೇಮವ್ವ ಸೆರಗು ಸಿಗಿಸಿದಳು. "ನಡೀರಿ, ಕಣ್ಣೀಲೇ ನೋಡೂಣು. ಅಲ್ಲೀತನಕ ಪ್ಲಾಟು ಕುಲ್ಸುಮಬಿ ನೋಡ್ಕೋತಾಳ."

ಕುಲ್ಸುಮಬಿ ಪಕ್ಕದ ಮನೆಯವಳು, ಪ್ರೇಮವ್ವನ ಕ್ರಾಸಿಂಗ್ ಜೊತೆಗಾತಿ. ಪ್ರೇಮವ್ವ ಈ ಲೋಕದಲ್ಲಿ ಮುಕ್ಕಾಲು ಪಾಲು ನಂಬುವ ಒಬ್ಬಳೇ ಜೀವ.

ಶಿರಸಿ ಬಸ್ಸು ಹಿಡಿದು, ಘಟ್ಟ ಇಳಿದು, ಕುಮಟಾ ದಾಟಿ ಇಬ್ಬರೂ ಸಮುದ್ರದ ಎದುರು ನಿಂತರು. ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡ ಪ್ರೇಮವ್ವ ಕೇಳಿದ ಮೊದಲ ಪ್ರಶ್ನೆ: "ಇಷ್ಟಕ್ಕೂ ಮಾಲಕ ಯಾರು? ಉತಾರ ಯಾರ ಹೆಸರಿಗೈತಿ?"

ಬಗ್ಗಿ ಬೆರಳು ಅದ್ದಿ ನೆಕ್ಕಿದಳು. "ಉಪ್ಪೇನೋ ಖರೇ ಐತಿ," ಎಂದಳು. ಇದು ಒಳ್ಳೆಯ ಶಕುನ ಎಂದುಕೊಂಡ ಅಂದಾನೆಪ್ಪ.

ದಂಡೆಯಲ್ಲಿ ಒಂದು ಸಂಘದ ಹೆಂಗಸರು ಸಾಲಾಗಿ ಕೂತು ಪಾಚಿಯ ತುಂಡುಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದರು. ಆ ಹಗ್ಗಗಳನ್ನು ಬಿದಿರಿನ ತೆಪ್ಪಕ್ಕೆ ಬಿಗಿದು ನೀರಿಗೆ ಬಿಡುತ್ತಾರೆ ಎಂದು ಸಂಘದ ಸಾಹೇಬರು ವಿವರಿಸಿದರು. ಪ್ರೇಮವ್ವ ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಪೊಲೀಸಿನವರ ಕಣ್ಣಲ್ಲಿ ನೋಡುತ್ತ ಬಂದಳು. ಕೊನೆಗೆ ತಡೆಯಲಾಗಲಿಲ್ಲ.

"ಏ ತಂಗೀ, ಈ ಗಂಟು ನಿಲ್ಲಂಗಿಲ್ಲವಾ. ಕೊಡಿಲ್ಲೆ."

ಕುಕ್ಕರಗಾಲಲ್ಲಿ ಕೂತಳು. ಮಾತಾಡುತ್ತಾ ಆಡುತ್ತಾ ಒಂದು ಹಗ್ಗ ಮುಗಿಯಿತು, ಎರಡಾಯಿತು, ನಾಲ್ಕಾಯಿತು. ಸಾಹೇಬರು ಕನ್ನಡಕ ಒರೆಸಿಕೊಂಡರು. ಹಗ್ಗವನ್ನು ಜಗ್ಗಿದರು, ಝಾಡಿಸಿದರು. ಒಂದು ತುಂಡೂ ಅಲುಗಲಿಲ್ಲ.

"ಅಮ್ಮಾ, ಗಂಟು ಸಡಿಲಾಗಿಯೇ ನಮ್ಮ ಅರ್ಧ ಬಿತ್ತನೆ ಅಲೆಯ ಪಾಲಾಗ್ತದೆ. ಇದನ್ನ ಎಲ್ಲಿ ಕಲಿತಿರಿ?"

"ಹತ್ತಿ ಹೂವಿಗೆ ಕಟ್ಟೂ ಗಂಟು ಇದುರೀ. ಗಾಳಿ ಮಳಿಗೆ ಬಿಚ್ಚಿದ್ರ ಕಂಪನಿಯವ್ರು ಕಾಯಿ ಮುಟ್ಟೂದಿಲ್ಲ."

"ಎರಡು ತಿಂಗಳು ಇಲ್ಲಿದ್ದು ನಮ್ಮವರಿಗೆ ಕಲಿಸ್ತೀರಾ? ಕೋಣೆ, ಊಟ, ಸಂಬಳ ಎಲ್ಲ ಕೊಡ್ತೇವೆ."

ಅಂದಾನೆಪ್ಪನ ಎದೆ ಉಬ್ಬಿತು. "ನೋಡಿದಿ? ನಾ ಹೇಳಿದ್ದು ಖರೇ ಆತೋ ಇಲ್ಲೋ?"

ಪ್ರೇಮವ್ವ ಸಮುದ್ರ ನೋಡಿದಳು, ಹಗ್ಗ ನೋಡಿದಳು, ಗಂಡನನ್ನೂ ನೋಡಿದಳು.

"ಹೌದ್ರಿ. ನೀವು ಹೇಳಿದ್ದು ಖರೇ."

ಇಪ್ಪತ್ತೆರಡು ವರ್ಷ! ಅಂದಾನೆಪ್ಪನ ಕಣ್ಣು ತುಂಬಿಬಂತು. ಅಲ್ಲೇ ಉಸುಕಿನಲ್ಲಿ ಕುಣಿದುಬಿಡಲೇ ಅನಿಸಿತು. ಅಷ್ಟರಲ್ಲಿ ಸಾಹೇಬರು ಅವನ ಕೈಗೂ ಒಂದು ಹಗ್ಗ ಕೊಟ್ಟರು. ಅವನು ಕಟ್ಟಿದ ಆರು ತುಂಡುಗಳಲ್ಲಿ ಐದು ಮೊದಲ ಅಲೆಗೇ ತೇಲಿಹೋದವು. ಆರನೆಯದು ಅವನ ಹೆಬ್ಬೆರಳಿಗೇ ಕಟ್ಟಿಕೊಂಡಿತ್ತು.

"ನಾ ಇಲ್ಲೇ ಇರ್ತೇನಿ," ಎಂದಳು ಪ್ರೇಮವ್ವ. "ನೀವು ಸಂಜಿ ಬಸ್ಸಿಗೆ ಹೋಗ್ರಿ. ಅಲ್ಲಿ ಕ್ರಾಸಿಂಗಿಗೆ ಒಂದು ಕೈ ಕಡಿಮಿ ಬಿದ್ದೈತಿ."

"ಅಲ್ಲಾ, ವಿಚಾರ ನಂದು!"

"ವಿಚಾರ ನಿಮ್ದರೀ, ಯಾರು ಇಲ್ಲಂದ್ರು? ಗಂಟು ನಂದು. ಎಮ್ಮಿ ಹಿಂಡೂದು ಮರೀಬ್ಯಾಡ್ರಿ, ಲಗೂ ಹೊಂಡ್ರಿ."

ಮರುದಿನ ಬೆಳಿಗ್ಗೆ ಕರ್ಜಗಿಯ ಹೊಲದಲ್ಲಿ ಅಂದಾನೆಪ್ಪ ಒಬ್ಬನೇ ಹತ್ತಿ ಹೂವಿಗೆ ದಾರ ಕಟ್ಟುತ್ತ, ಜಗತ್ತಿನ ಹೊಗೆಗೂ ಕೃಷಿ ಮೇಳಕ್ಕೂ ಮನಸಾರೆ ಶಾಪ ಹಾಕುತ್ತಿದ್ದ. ಹಿಂದಿನಿಂದ ಕುಲ್ಸುಮಬಿ ಬಂದು, ಎಡಗೈ ಸೆರಗಿನೊಳಗೆ ಇಟ್ಟುಕೊಂಡು, ಬಲಗೈಯಿಂದ ಅವನು ಕಟ್ಟಿದ ದಾರಗಳನ್ನು ಒಂದೊಂದಾಗಿ ಜಗ್ಗತೊಡಗಿದಳು.

"ಏನವಾ ಇದು?"

"ಅಕ್ಕಾ ಹೇಳ್ಯಾಳಣ್ಣಾ. ಅಣ್ಣ ಕಟ್ಟಿದ್ದೆಲ್ಲಾ ಜಗ್ಗಿ ನೋಡು ಅಂದಾಳ." ಜಗ್ಗಿದಳು. ದಾರ ಕೈಗೆ ಬಂತು. ಮತ್ತೊಂದು ಜಗ್ಗಿದಳು, ಅದೂ ಬಂತು. "ಈಗ ಏನು ಹೇಳಲಿ ನಾನು?"

ಅಂದಾನೆಪ್ಪ ಆಚೀಚೆ ನೋಡಿ ದನಿ ಇಳಿಸಿದ. "ಎಲ್ಲಾ ಗಟ್ಟಿ ಅದಾವು ಅಂತ ಹೇಳವಾ. ಇಪ್ಪತ್ತೆರಡು ವರ್ಷದಾಗ ಒಮ್ಮೆ ನನ್ನ ನಂಬ್ಯಾಳ. ಒಂದು ಸುಳ್ಳ ಹೇಳು, ನಿನಗ ಪುಣ್ಯೇ ಬರತೈತಿ."

ಕುಲ್ಸುಮಬಿ ಸೆರಗಿನೊಳಗಿಂದ ಎಡಗೈ ಹೊರತೆಗೆದು ಮೊಬೈಲನ್ನು ಕಿವಿಗೆ ಹಿಡಿದಳು.

"ಕೇಳಿಸ್ತೇನಕ್ಕಾ?"