ಗುಂಡಗಿರಲೊಲ್ಲದ ಚೈನ್‌ರಿಂಗಿಗೆ

ಮಾನ್ಯರೇ,

ನನ್ನ ಮೌಂಟನ್ ಬೈಕಿನ ಎರಡು ಪೆಡಲುಗಳ ನಡುವೆ, ಚೈನನ್ನು ಹೂಮಾಲೆಯಂತೆ ಧರಿಸಿ ವಿರಾಜಮಾನರಾಗಿರುವ, ಕಪ್ಪು ಮೈಯ, ಚೂಪು ಹಲ್ಲಿನ, ಅಂಡಾಕಾರದ ಚೈನ್‌ರಿಂಗ್ ಮಹಾಶಯರಾದ ತಮಗೆ, ಪೀಣ್ಯದ ಗೇರ್ ಕಾರ್ಖಾನೆಯೊಂದರ ತಪಾಸಣೆ ವಿಭಾಗದ ಸಿದ್ದರಾಜು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಇಂದು ಬೆಳಿಗ್ಗೆ ಹಳೆಯ ಬ್ರಷ್ಷು ಹಿಡಿದು ತಮ್ಮ ಒಂದೊಂದು ಹಲ್ಲನ್ನೂ ಉಜ್ಜಿದವನು ನಾನೇ. ಸ್ವಂತ ಹಲ್ಲಿನ ಮೇಲೆ ನನಗೆ ಇಷ್ಟು ಮಮತೆಯಿಲ್ಲವೆಂದು ನನ್ನ ಹೆಂಡತಿ ಕಮಲಮ್ಮ ಹೇಳುತ್ತಾಳೆ.

ದೂರಿಗೆ ಮೊದಲು ನನ್ನ ಕಸುಬನ್ನು ಅರಿಕೆ ಮಾಡಿಕೊಳ್ಳಬೇಕು. ಗುಂಡಗಿರಬೇಕಾದದ್ದು ಗುಂಡಗಿದೆಯೇ ಎಂದು ನೋಡುವುದೇ ನನ್ನ ಅನ್ನ. ಡಯಲ್ ಗೇಜಿನ ಮುಳ್ಳು ಕೂದಲೆಳೆಯಷ್ಟು ಹೆಚ್ಚು ಅಲ್ಲಾಡಿದರೂ ಆ ಮಾಲಿಗೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ಡಬ್ಬಕ್ಕೆ ಎಸೆಯುತ್ತ ತಲೆ ನರೆಸಿಕೊಂಡವನು ನಾನು. ನಮ್ಮಲ್ಲಿ ‘ಓವಲ್’ ಎಂಬುದು ಆಕಾರದ ಹೆಸರಲ್ಲ, ಬೈಗುಳ. ಅಂಥವನ ಮನೆಗೆ, ಅದರಲ್ಲೂ ಅವನ ಕಾಲ ಬುಡಕ್ಕೇ, ತಾವು ಮೊಟ್ಟೆಯ ರೂಪದಲ್ಲಿ ದಯಮಾಡಿಸಿದ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮನ್ನು ಕರೆಸಿದವಳು ನನ್ನ ಮಗಳು ವೇಣಿ. ಭಾನುವಾರ ಮಾಕಳಿಯಾಚೆಯ ಗುಡ್ಡದ ಮಣ್ಣುದಾರಿಯನ್ನು ಸೈಕಲ್ಲಿನಲ್ಲಿ ಹತ್ತುವುದು ನನಗಿರುವ ಒಂದೇ ಚಟ. ಇತ್ತೀಚೆಗೆ ಆ ಏರಿನಲ್ಲಿ ಬಲಮಂಡಿ ಊದಿಕೊಂಡು, ಸೈಕಲ್ ತಳ್ಳುತ್ತ ಕುಂಟಿಕೊಂಡು ಮನೆಗೆ ಬರುವಂತಾದಾಗ ಕಮಲಮ್ಮ ತೀರ್ಪು ಕೊಟ್ಟಳು: “ಇನ್ನೊಂದ್ಸಲ ಹಿಂಗೆ ಕುಂಟ್ಕೊಂಡು ಬನ್ನಿ, ಆ ಸೈಕಲ್ನ ಗುಜರಿಯವ್ನಿಗೆ ಕೊಟ್ಬಿಡ್ತೀನಿ.” ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಭಯವಾಯಿತು. ವಾರವಿಡೀ ಟ್ಯೂಬ್‌ಲೈಟಿನ ಕೆಳಗೆ ಮುಳ್ಳು ನೋಡುವವನಿಗೆ ಆ ಗುಡ್ಡವೂ ಇಲ್ಲವೆಂದರೆ ಏನು ಉಳಿಯಿತು? ಆಗ ವೇಣಿ, ಕಾಲು ಬಲವಾಗಿ ತುಳಿಯುವಾಗ ದೊಡ್ಡವರಾಗಿಯೂ, ಪೆಡಲು ನೆತ್ತಿಗೋ ತಳಕ್ಕೋ ಬಂದು ಕಾಲು ಸೋಲುವಾಗ ಚಿಕ್ಕವರಾಗಿಯೂ ನಡೆದುಕೊಳ್ಳುವ ತಮ್ಮ ಸೌಜನ್ಯವನ್ನು ಯಾವುದೋ ವಿಡಿಯೋದಲ್ಲಿ ನೋಡಿ, “ಮಂಡಿಗೆ ಒಳ್ಳೇದಂತೆ ಅಪ್ಪಾ” ಎಂದು ತರಿಸಿಯೇ ಬಿಟ್ಟಳು.

ಅಭ್ಯಾಸಬಲ ನೋಡಿ, ಸೈಕಲ್ಲಿಗೆ ಹಾಕುವ ಮೊದಲೇ ತಮ್ಮನ್ನು ಕಾರ್ಖಾನೆಗೆ ಒಯ್ದು ಗೇಜಿಗೆ ಹಿಡಿದೆ. ಮುಳ್ಳು ಹೆದರಿದ ಕೋಳಿಯಂತೆ ಸುತ್ತಿತು. ತಮ್ಮನ್ನು ಮೇಜಿನ ಮೇಲೆಯೇ ಬಿಟ್ಟು ನಾನು ಟೀಗೆ ಹೋಗಿ ಬರುವಷ್ಟರಲ್ಲಿ, ನನ್ನ ಕೈಯಲ್ಲೇ ಪಳಗಿದ ದುರ್ಗವ್ವ ತಮಗೆ ಕೆಂಪು ಬಳಿದು ಡಬ್ಬಕ್ಕೆ ಎಸೆದಾಗಿತ್ತು. “ಇಷ್ಟ್ ಓವಲ್ ನಾ ಜನ್ಮದಾಗ ನೋಡಿಲ್ರೀ ಸರ. ರಿಜೆಕ್ಟ್ ಮಾಡು ಅಂತ ನೀವ ಕಲಿಸೀರಲ್ರೀ?” ಎಂದು ಅವಳು ಶಭಾಸ್‌ಗಿರಿಗಾಗಿ ಕಾಯುತ್ತ ನಿಂತಳು. ಎಣ್ಣೆ ಮೆತ್ತಿದ ಕಬ್ಬಿಣದ ನಡುವೆ ಮೊಳಕೈವರೆಗೆ ಕೈಹಾಕಿ ತಮ್ಮನ್ನು ಹುಡುಕುತ್ತ, ಇದು ಮಂಡಿಗೆ ಒಳ್ಳೆಯದೆಂದು ತರಿಸಿದ್ದಮ್ಮ ಎಂದು ನಾನು ತೊದಲಿದಾಗ, ಲೇತ್ ನಡೆಸುವ ಹಣಮಂತ ನಗು ತಡೆಯಲಾರದೆ ಯಂತ್ರದ ಹಿಂದೆ ಬಗ್ಗಿದ.

ರಸ್ತೆಯಲ್ಲಿಯೂ ತಾವು ನನ್ನ ಮಾನ ಉಳಿಸಲಿಲ್ಲ. ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ ಆಟೋದವರು, ಹೂವಿನವರು, ಹಾಲಿನವರು ಎಲ್ಲರಿಗೂ ನನ್ನ ಮೇಲೆ ಒಮ್ಮೆಲೇ ಕರುಣೆ ಉಕ್ಕಿತು. “ಅಣ್ಣ, ಚಕ್ರ ಬೆಂಡಾಗೈತೆ, ನೋಡ್ಕಳಿ!” ಆದ್ದರಿಂದ ಸಿಗ್ನಲ್ಲು ಬಂದಾಗಲಾದರೂ, ಕೈಯಲ್ಲಿ ಗೇಜು ಹಿಡಿದವರು ಎದುರಾದಾಗಲಾದರೂ ತಾವು ದಯವಿಟ್ಟು ಗುಂಡಗಾಗಿ, ಜನ ಆಚೆ ಹೋದ ಮೇಲೆ ಪುನಃ ನಿಜರೂಪಕ್ಕೆ ಬರಬೇಕೆಂದು ಪ್ರಾರ್ಥನೆ. ಅದು ಸಾಧ್ಯವಿಲ್ಲವಾದರೆ ಪೀಣ್ಯದ ರಸ್ತೆಹೊಂಡಗಳಲ್ಲಿ ಒಂದೂ ಗುಂಡಗಿಲ್ಲದೆ ಎಲ್ಲವೂ ತಮ್ಮ ಕುಲದವೇ ಆದ ಕಾರಣ, ನಾನು ಹಾದುಹೋಗುವಷ್ಟು ಹೊತ್ತು ಮುಚ್ಚಿಕೊಂಡಿರುವಂತೆ ಅವುಗಳಿಗೆ ಒಂದು ಮಾತು ಹೇಳಿಬಿಡಿ.

ಇನ್ನು ಆ ಭಾನುವಾರದ ವಿಷಯ. ನನ್ನ ಅರ್ಧ ಮನಸ್ಸು ತಾವು ಸೋಲಲಿ, ಗುಂಡಗಿರುವುದೇ ಗೆಲ್ಲಲಿ ಎಂದು ಹಾರೈಸುತ್ತಿತ್ತು. ಇನ್ನರ್ಧ, ಸೈಕಲ್ ಉಳಿಸಪ್ಪ ದೇವರೇ ಎನ್ನುತ್ತಿತ್ತು. ಏರು ಶುರುವಾಯಿತು. ಕೆಳಗೆ ನೋಡಿದರೆ ತಾವು ಕೆಂಪು ಕಲೆಯ ಸಮೇತ ಬಾತುಕೋಳಿಯ ಹಾಗೆ ಹೊಯ್ದಾಡುತ್ತಿದ್ದಿರಿ. ಕಾಲು ಮಾತ್ರ ಎಲ್ಲಿಯೂ ಜಗ್ಗದೆ, ಎಣ್ಣೆ ಹಾಕಿದ ಬಾಗಿಲಿನಂತೆ ನಡೆಯುತ್ತಿತ್ತು. ಪ್ರತಿ ಸಲ ಇಳಿದು ತಳ್ಳಲು ಶುರುಮಾಡುತ್ತಿದ್ದ ಹೊಂಗೆಮರ ಹಿಂದೆ ಬಿತ್ತು. ಮಂಡಿ ತುಟಿಪಿಟಕ್ಕೆನ್ನಲಿಲ್ಲ. ಗುಡ್ಡದ ತುದಿಯಲ್ಲಿ ನಿಂತಾಗ ನನ್ನ ಕಣ್ಣು ತುಂಬಿತ್ತು. ಧೂಳಿನಿಂದ ಎಂದು ಬರೆಯಬಹುದಿತ್ತು, ಆದರೆ ತಮಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ತಾವು ಅಲ್ಲಿಯೇ ಇದ್ದಿರಿ.

ಗೇಟಿನ ಬಳಿ ಕಾಯುತ್ತಿದ್ದ ಕಮಲಮ್ಮ ನನ್ನ ಮುಖ ನೋಡಲಿಲ್ಲ, ನಡಿಗೆ ನೋಡಿದಳು. ಬಾಗಿಲವರೆಗೂ ನೆಟ್ಟಗೆ ನಡೆದೆ. “ಮಳೆ ಬರೋ ಹಂಗಿದೆ, ಸೈಕಲ್ನ ಒಳಗೆ ತಂದಿಡಿ” ಎಂದಳು.

ಭಾನುವಾರಗಳಂದು ಮಾತ್ರ
ತಮ್ಮ ವಿಶ್ವಾಸಿ,
ಸಿದ್ದರಾಜು

ವಿ.ಸೂ.: ಮರುದಿನ ಹಣಮಂತ ತಪಾಸಣೆಗೆ ತಂದಿಟ್ಟ ಬುಷ್ ಎಂಬ ಲೋಹದ ಬಳೆ ಅಪ್ಪಟ ಓವಲ್ ಆಗಿತ್ತು. ನಾನು ಬಾಯಿ ತೆರೆಯುವ ಮೊದಲೇ “ಮೊಣಕಾಲಿಗೆ ಭಾಳ ಚಲೋರೀ ಸರ” ಎಂದ. ಕೆಂಪು ಬಳಿದೆ, ನಿಜ. ಆದರೆ ಬಳಿಯುವ ಮೊದಲು ನನ್ನ ಕುಂಚ ಒಂದು ಗಳಿಗೆ ಗಾಳಿಯಲ್ಲೇ ನಿಂತುಬಿಟ್ಟಿತು, ದುರ್ಗವ್ವ ಅದನ್ನು ನೋಡಿದಳು. ಈ ಅವಮಾನಕ್ಕೆ ತಾವೇ ಹೊಣೆ. ಗುಡ್ಡದ ಮೇಲೆ ಸಿಗಿ, ವಿಚಾರಿಸಿಕೊಳ್ಳುತ್ತೇನೆ.