ಸಾಲಿನ ಮೊದಲ ಚುಕ್ಕೆ

ಒಬ್ಬನೇ ಕೂತು ಕೆಲಸ ಮಾಡೋನಿಗೆ ಏನೂ ಆಗಲ್ಲ ಅಂತ ಜನ ಅಂದುಕೊಳ್ತಾರೆ. ನನಗೆ ಆಗಿದ್ದೆಲ್ಲ ಒಬ್ಬನೇ ಕೂತಿದ್ದಕ್ಕೇ ಆಗಿದ್ದು.

ಎ.ಸಿ. ರೂಮು

ತೊಂಬತ್ತರ ದಶಕದ ಶುರುವಿನಲ್ಲಿ ಹಿಂದೂಪುರದ ಒಂದು ಕಂಪನಿಯಲ್ಲಿ ಯೂನಿಕ್ಸ್ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಊರು ಹೊಸದು, ನೆಂಟರಿಲ್ಲ. ಆಫೀಸಿನಲ್ಲೂ ಗಾಜಿನ ಬಾಗಿಲ ಹಿಂದೆ ನಾನು, ಮಿಷಿನ್ನು, ಎ.ಸಿ., ಅಷ್ಟೇ. ಬೇಸಿಗೆ ಬಂತು ನೋಡಿ, ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಗೆ ಬಂದು "ಚೆನ್ನಾಗಿದೀರಾ ಸಾರ್?" ಅನ್ನೋರು. ಎಂಥ ಒಳ್ಳೆ ಜನ ಅಂತ ಅಮ್ಮನಿಗೆ ಕಾಗದ ಬರೆದೆ. ಮೊದಲ ಮಳೆ ಬಿತ್ತು. ಆಮೇಲೆ ಬಂದವನು ಎ.ಸಿ. ರಿಪೇರಿಯವನೊಬ್ಬನೇ.

ಟೀ

ಆ ಮಿಷಿನ್ನಿಗೆ ಕಮಾಂಡ್ ಕೊಟ್ಟರೆ, ಆ ಹೆಸರಿನ ಪ್ರೋಗ್ರಾಮನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನೋದಕ್ಕೆ 'ಪಾತ್' ಅಂತ ಒಂದು ಸಾಲಿರುತ್ತೆ. ಮಿಷಿನ್ ಕೂಡಿಸಿದವರು ಆ ಸಾಲಿನ ಮೊದಲಿಗೇ ಒಂದು ಚುಕ್ಕೆ ಇಟ್ಟಿದ್ದರು. ಚುಕ್ಕೆ ಅಂದರೆ, ಈಗ ಯಾವ ಡೈರೆಕ್ಟರಿಯಲ್ಲಿ, ಅಂದರೆ ಫೈಲುಗಳ ಯಾವ ಗೂಡಿನಲ್ಲಿ ಇದ್ದೀಯೋ ಮೊದಲು ಅಲ್ಲೇ ಹುಡುಕು ಅಂತ.

ಒಂದು ದಿನ ಅಕೌಂಟ್ಸ್ ಗುಮಾಸ್ತರ ಡೈರೆಕ್ಟರಿಗೆ ಹೋಗಿ, ಫೈಲುಗಳ ಹೆಸರು ನೋಡೋಣ ಅಂತ 'ಎಲ್‌ಎಸ್' ಕೊಟ್ಟೆ. ಪರದೆ ಮೇಲೆ ಬಂತು: "ಸಾರ್, ಟೀ ಕುಡ್ಯಾಕೆ ಬನ್ನಿ."

ಎ.ಸಿ.ಯಲ್ಲೇ ಬೆವೆತುಹೋದೆ. ಗುಮಾಸ್ತರು 'ಎಲ್‌ಎಸ್' ಅನ್ನೋ ಹೆಸರಲ್ಲೇ ತಮ್ಮದೊಂದು ಪ್ರೋಗ್ರಾಮ್ ಅಲ್ಲಿ ಇಟ್ಟಿದ್ದರು. ಚುಕ್ಕೆ ಮೊದಲಿದ್ದರಿಂದ ಅಸಲಿ ಕಮಾಂಡ್ ಬಿಟ್ಟು ಅದೇ ಓಡಿತ್ತು, ಅದೂ ಏನು ಬೇಕಾದರೂ ಅಳಿಸಬಲ್ಲ ನನ್ನ ಅಧಿಕಾರದಲ್ಲಿ! ಟೀ ಬದಲು 'ಎಲ್ಲಾ ಅಳಿಸು' ಅಂತಿದ್ದರೆ ಕಂಪನಿಯ ಲೆಕ್ಕವೆಲ್ಲ ಮಣ್ಣುಪಾಲು.

"ಏನ್ರೀ ಇದು?" ಅಂತ ಕೂಗಾಡಿದೆ.

"ಗಾಜಿನ ಬಾಗ್ಲು ಸಾರ್, ಕೂಗಿದ್ರೆ ನಿಮ್ಗೆ ಕೇಳ್ಸಲ್ಲ. ಅದ್ಕೇ ಹಿಂಗ್ ಕರ್ದೆ," ಅಂದರು.

ಆಗಲೇ ಚುಕ್ಕೆ ಕಿತ್ತುಹಾಕಿದೆ. ಮಿಷಿನ್ನು ಭದ್ರವಾಯಿತು. ನನ್ನನ್ನು ಟೀಗೆ ಕರೆಯೋದೂ ನಿಂತುಹೋಯಿತು.

ಬೊಟ್ಟು

ಕಲ್ಯಾಣದುರ್ಗದ ಬ್ರಾಂಚಿನಲ್ಲೂ ಅಂಥದೇ ಮಿಷಿನ್ನು, ಅದೇ ಚುಕ್ಕೆ. ಅಲ್ಲಿ ನೋಡಿಕೊಳ್ಳುತ್ತಿದ್ದಾಕೆ ಹೊಸದಾಗಿ ಮದುವೆಯಾದ ಹುಡುಗಿ. ಫೋನ್ ಮಾಡಿದೆ. ಲೈನು ಬರೀ ಗರಗರ. "ಡಾಟ್" ಅಂದೆ, ಕೇಳಿಸಲಿಲ್ಲ. "ಚುಕ್ಕೆ" ಅಂದೆ, ಕೇಳಿಸಲಿಲ್ಲ. ಕೊನೆಗೆ ಗಂಟಲು ಹರಿಯೋ ಹಾಗೆ ಕೂಗಿದೆ: "ಬೊಟ್ಟು ಕಣಮ್ಮ, ಬೊಟ್ಟು! ಮುಂದ್ಗಡೆ ಇದೆಯಲ್ಲ, ಅದನ್ನ ತೆಗ್ದುಹಾಕು. ಇಟ್ಕೊಂಡಿದ್ರೆ ಅಪಾಯ!"

ಆ ಕಡೆಯಿಂದ ಫೋನ್ ಕುಕ್ಕಿದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮಾರನೇ ದಿನ ಆಕೆಯ ಗಂಡ ಬಸ್ಸಿಳಿದವನೇ ಸೀದಾ ನನ್ನ ಮುಂದೆ ಬಂದು ನಿಂತ. "ಏಮಯ್ಯಾ! ನಾನಿನ್ನೂ ಬದ್ಕಿವ್ನಿ. ನನ್ ಹೆಂಡ್ತಿಗೆ ಬೊಟ್ಟು ತೆಗಿ ಅಂತೀಯಾ?"

ಆ ಸಾಲನ್ನು ಹಾಳೆಯ ಮೇಲೆ ಬರೆದು, ಮುಂದಿನ ಚುಕ್ಕೆ ತೋರಿಸಿ, ಆಗಬಹುದಾದ ಅನಾಹುತ ಹೇಳಿದೆ. ಆತ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಊರಿನಲ್ಲಿ ನನ್ನನ್ನೇ ಹುಡುಕಿಕೊಂಡು ಬಂದ ಮೊದಲ ಮನುಷ್ಯ. ಕಳಿಸೋಕೆ ಮನಸ್ಸೇ ಬರಲಿಲ್ಲ. ಹೋಟೆಲಿಗೆ ಕರೆದೊಯ್ದು ಊಟ ಹಾಕಿಸಿದೆ. ವಾಪಸು ಬಂದು ನನ್ನ ಫೋನಿನಿಂದಲೇ ಹೆಂಡತಿಗೆ ಹೇಳಿದ:

"ಅದು ಮಿಷಿನ್ ಬೊಟ್ಟು ಕಣೇ, ತೆಗ್ದ್ಬುಡು. ಇವ್ರ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ. ಪಾಪ, ಮದ್ವೇನೇ ಆಗಿಲ್ಲ, ಬೊಟ್ಟಿನ ಬೆಲೆ ಏನ್ ಗೊತ್ತಾಯ್ತದೆ?"